ಕೀಲಿಯ ಖರ್ಚು ಯಾವ ಕಾಲಮ್ಮಿನಲ್ಲಿ?

ಹೈದರಾಬಾದಿನಲ್ಲಿ ಐಟಿ ಕೆಲಸ ಎಂದರೆ ಊರ ಕಡೆಯವರು ಮುಂದಿನ ಮಾತನ್ನು ತಾವೇ ಸೇರಿಸುತ್ತಾರೆ: ‘ಹೈಟೆಕ್ ಸಿಟಿನಾ, ಗಚ್ಚಿಬೌಲಿನಾ?’ ಹಿಮಾಯತ್‌ನಗರ ಎಂದರೆ ಸ್ವಲ್ಪ ಅನುಮಾನದಿಂದ ನೋಡುತ್ತಾರೆ. ಅಲ್ಲೇನಿದೆ? ಬಟ್ಟೆ ಅಂಗಡಿ, ಟಿಟಿಡಿ ದೇವಸ್ಥಾನ, ಕೋಚಿಂಗ್ ಸೆಂಟರ್, ಡಾಕ್ಟರುಗಳ ಕ್ಲಿನಿಕ್. ಆ ಕ್ಲಿನಿಕ್ಕು, ಲ್ಯಾಬುಗಳೇ ನಮ್ಮ ಗಿರಾಕಿಗಳು. ಮೂರನೇ ಮಹಡಿಯಲ್ಲಿ ಹದಿನಾಲ್ಕು ಜನ ಕೂತು ರಕ್ತ ಪರೀಕ್ಷೆ ಮಾಡುವ ಸಣ್ಣಪುಟ್ಟ ಲ್ಯಾಬುಗಳ ಲೆಕ್ಕಾಚಾರ ನೋಡುತ್ತೇವೆ. ಯಾವ ಪರೀಕ್ಷೆ ಎಷ್ಟು ನಡೆಯಿತು, ಯಾವ ವಾರ ಯಾವ ಔಷಧ ದ್ರಾವಣ ಖಾಲಿಯಾಗುತ್ತದೆ, ಯಾವ ಬಡಾವಣೆಯಲ್ಲಿ ಡೆಂಗಿ ಪರೀಕ್ಷೆ ಏರುತ್ತಿದೆ, ಇಂಥವು. ನಾನು ರಾಯಚೂರಿನವನು. ಕಾಚಿಗುಡದಲ್ಲಿ ಮನೆ, ಇಲ್ಲಿಗೆ ಬಂದು ಹನ್ನೊಂದು ವರ್ಷ.

ಮೂರು ವರ್ಷದ ದಾಖಲೆ ಸೇರುವ ಹೊತ್ತಿಗೆ ನಮ್ಮ ಪೋಸ್ಟ್‌ಗ್ರೆಸ್ ಏದುಸಿರು ಬಿಡತೊಡಗಿತ್ತು. ತಿಂಗಳ ವರದಿ ತೆಗೆಯಲು ನಲವತ್ತು ನಿಮಿಷ. ತಪ್ಪು ಅದರದಲ್ಲ. ಸಾಮಾನ್ಯ ಡೇಟಾಬೇಸ್ ಕಿರ್ದಿ ಪುಸ್ತಕದ ಹಾಗೆ ಸಾಲು ಸಾಲಾಗಿ ಬರೆದಿಡುತ್ತದೆ. ಒಬ್ಬ ರೋಗಿಯ ಚೀಟಿ ಹುಡುಕಲು ಅದು ಒಳ್ಳೆಯದು. ಆದರೆ ಮೂರು ವರ್ಷದ ಶುಲ್ಕವನ್ನಷ್ಟೇ ಕೂಡಿಸು ಎಂದರೆ ಹೆಸರು, ವಯಸ್ಸು, ವಿಳಾಸ ಎಲ್ಲವನ್ನೂ ದಾಟಿಕೊಂಡು ಹೋಗಬೇಕಾಗುತ್ತದೆ. ಅನಾಲಿಟಿಕ್ಸ್ ಎಂಜಿನ್‌ಗಳು ಕಾಲಮ್ ಕಾಲಮ್ಮಾಗಿ ಬರೆದಿಡುತ್ತವೆ. ಶುಲ್ಕದ ಕಾಲಮ್ ಒಂದನ್ನೇ ಓದಿ ಕೂಡಿಸಿ ಕೊಡುತ್ತವೆ. ಹಾಗಾಗಿ ಅಂಥದ್ದೊಂದನ್ನು ಆರಿಸುವ ಕೆಲಸ ನನ್ನ ತಲೆಗೆ ಬಂತು.

ಯಜಮಾನರು ಕೇಳಿದ್ದು ಒಂದೇ ಪ್ರಶ್ನೆ: ‘ಎಂತ ಅವುತುಂದಿ?’ ಎಷ್ಟಾಗುತ್ತದೆ?

ನಾನು ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿದೆ. ಸ್ನೋಫ್ಲೇಕ್, ಬಿಗ್‌ಕ್ವೆರಿ, ರೆಡ್‌ಶಿಫ್ಟ್, ಕ್ಲಿಕ್‌ಹೌಸ್, ಡಕ್‌ಡಿಬಿ. ತಿಂಗಳ ಖರ್ಚಿಗೆ ಒಂದು ಕಾಲಮ್, ವೇಗಕ್ಕೆ ಒಂದು, ಭದ್ರತೆಗೆ ಒಂದು. ಮೊದಲ ಎರಡರಲ್ಲಿ ಅಂಕಿಗಳು. ಭದ್ರತೆಯ ಕಾಲಮ್ಮಿನಲ್ಲಿ ಬರೀ ಸರಿ ಗುರುತು, ಹೆಚ್ಚುಕಡಿಮೆ ಎಲ್ಲಕ್ಕೂ. ಯಾವ ಎಂಜಿನ್ನಿನ ಪುಟ ತೆರೆದರೂ ಗೂಢಲಿಪೀಕರಣ ಇದೆ, ಬಳಕೆದಾರರ ಅಧಿಕಾರ ವಿಂಗಡಣೆ ಇದೆ, ಯಾರು ಏನು ಕೇಳಿದರು ಎಂಬ ದಾಖಲೆ ಇದೆ ಎಂದೇ ಇರುತ್ತದೆ. ಎಲ್ಲರಿಗೂ ನೂರಕ್ಕೆ ನೂರು ಬಂದ ಪರೀಕ್ಷೆಯಿಂದ ಯಾರನ್ನು ಆರಿಸುವುದು? ಕೊನೆಗೆ ಖರ್ಚಿನ ಕಾಲಮ್ ಒಂದೇ ಮಾತಾಡಿತು. ಕ್ಲಿಕ್‌ಹೌಸ್ ಮುಕ್ತ ತಂತ್ರಾಂಶ, ಲೈಸೆನ್ಸಿಗೆ ದುಡ್ಡಿಲ್ಲ. ಬಾಡಿಗೆಯ ಸರ್ವರ್ ಒಂದಕ್ಕೆ ತಿಂಗಳಿಗೆ ಕೆಲವು ಸಾವಿರ. ನಾನೂ ಅದರ ಪರವೇ ವಾದಿಸಿದೆ. ಇವತ್ತಿಗೂ ಅದು ಬಹಳ ಒಳ್ಳೆಯ ಎಂಜಿನ್ ಎಂದೇ ಹೇಳುತ್ತೇನೆ.

ಮುಂದೆ ಆದದ್ದು ನನ್ನದೇ ತಪ್ಪು. ಅದನ್ನು ಹೇಳಿಕೊಳ್ಳದೆ ಈ ಅಂಕಣ ಬರೆಯುವುದರಲ್ಲಿ ಅರ್ಥವಿಲ್ಲ.

ಹೋದ ವರ್ಷ ದಸರೆಗೆ ಮೊದಲು ಪರೀಕ್ಷೆಗೆಂದು ಒಂದು ಸಣ್ಣ ಸರ್ವರ್ ಬಾಡಿಗೆಗೆ ತೆಗೆದುಕೊಂಡು, ಡಾಕರ್‌ನಲ್ಲಿ ಹಳೆಯ ಆವೃತ್ತಿಯ ಕ್ಲಿಕ್‌ಹೌಸ್ ಏರಿಸಿದೆ. ಸುಳ್ಳು ಡೇಟಾ ಹಾಕಿದರೆ ವೇಗ ಸರಿಯಾಗಿ ತಿಳಿಯುವುದಿಲ್ಲ ಎಂದು ಒಂದು ಲ್ಯಾಬಿನ ಮೂರು ತಿಂಗಳ ನಿಜವಾದ ದಾಖಲೆ ತುಂಬಿದೆ. ಮೊದಲ ತಪ್ಪು ಅದು. ‘ಡಿಫಾಲ್ಟ್’ ಬಳಕೆದಾರನಿಗೆ ಪಾಸ್‌ವರ್ಡ್ ಇಡಲಿಲ್ಲ, ಹೇಗಿದ್ದರೂ ಫೈರ್‌ವಾಲ್ ಮುಚ್ಚಿದ್ದೇನಲ್ಲ ಎಂಬ ಧೈರ್ಯ. ಅದು ಎರಡನೆಯದು. ಮೂರನೆಯದು ಗೊತ್ತೇ ಇರಲಿಲ್ಲ. ಡಾಕರ್‌ನಲ್ಲಿ ಒಂದು ಪೋರ್ಟನ್ನು ಹೊರಗೆ ತೆರೆದರೆ ಅದು ಉಬುಂಟುವಿನ ಯುಎಫ್‌ಡಬ್ಲ್ಯೂ ಫೈರ್‌ವಾಲನ್ನು ಬಳಸಿಕೊಂಡು ಬರುವುದಿಲ್ಲ, ಪಕ್ಕದಿಂದ ತನ್ನದೇ ದಾರಿ ಮಾಡಿಕೊಳ್ಳುತ್ತದೆ. ಇದು ಅವರ ಕೈಪಿಡಿಯಲ್ಲೇ ಬರೆದಿದೆ. ನಾನು ಓದಿರಲಿಲ್ಲ. ಮುಂಬಾಗಿಲಿಗೆ ಕೀಲಿ ಜಡಿದು, ಹಿತ್ತಿಲ ಬಾಗಿಲು ತೆರೆದಿಟ್ಟು ರಾಯಚೂರಿನ ಬಸ್ಸು ಹತ್ತಿದೆ.

ಹಬ್ಬ ಮುಗಿಸಿ ಬಂದು ಎಂಜಿನ್ನಿನ ಕ್ವೆರಿ ಲಾಗ್ ತೆರೆದರೆ ನಮ್ಮದಲ್ಲದ ವಿಳಾಸದಿಂದ ಸಾಲಾಗಿ ಪ್ರಶ್ನೆಗಳು. ಯಾವ ಡೇಟಾಬೇಸ್ ಇವೆ, ಯಾವ ಕೋಷ್ಟಕ ಇವೆ, ಕೊನೆಗೆ ರೋಗಿಗಳ ಕೋಷ್ಟಕದಿಂದ ಹತ್ತು ಸಾಲು. ಹತ್ತೇ. ಬಾಗಿಲು ತಳ್ಳಿ ನೋಡುವ ಯಾವುದೋ ಯಂತ್ರದ ಕೆಲಸ ಇರಬೇಕು. ಒಳಗೇನಿದೆ ಎಂದು ಬಗ್ಗಿ ನೋಡಿ ಹೋಗಿತ್ತು. ಹತ್ತೇ ಜನ ಎಂದು ಅರೆಗಳಿಗೆ ಸಮಾಧಾನವಾಯಿತು, ಆಮೇಲೆ ಅದೂ ಹೋಯಿತು. ಆ ಪ್ರಶ್ನೆಯಲ್ಲಿ ಅನುಕ್ರಮ ಹೇಳಿರಲಿಲ್ಲ. ಹಾಗೆ ಕೇಳಿದಾಗ ಎಂಜಿನ್ ತನಗೆ ಮೊದಲು ಕೈಗೆ ಸಿಕ್ಕ ಹತ್ತು ಸಾಲು ಕೊಡುತ್ತದೆ, ಪ್ರತಿ ಸಲವೂ ಅವೇ ಇರಬೇಕೆಂದಿಲ್ಲ. ಯಾವ ಹತ್ತು ಜನ ಎಂದು ಖಚಿತವಾಗಿ ಹೇಳಲು ಆಗದ ಮೇಲೆ, ಮೂರು ತಿಂಗಳಲ್ಲಿ ಆ ಲ್ಯಾಬಿಗೆ ಬಂದವರೆಲ್ಲರೂ ಆ ಹತ್ತರಲ್ಲಿ ಇರಬಹುದಾದವರೇ. ಹೆಸರು, ಫೋನ್ ನಂಬರ್, ಪರೀಕ್ಷೆಯ ಹೆಸರು, ಫಲಿತಾಂಶ. ಸಕ್ಕರೆ, ಥೈರಾಯ್ಡ್ ಇರಬಹುದು, ಎಚ್‌ಐವಿಯೂ ಇರಬಹುದು, ಗರ್ಭ ಪರೀಕ್ಷೆಯೂ ಇರಬಹುದು.

ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥದ್ದು ಗಮನಕ್ಕೆ ಬಂದ 6 ಗಂಟೆಯೊಳಗೆ ಅವರಿಗೆ ವರದಿ ಮಾಡಬೇಕು. ಮಾಡಿದೆವು. ಯಜಮಾನರೇ ಲ್ಯಾಬಿಗೆ ಹೋಗಿ ಹೇಳಿ ಬಂದರು. ನನ್ನನ್ನು ಕರೆದುಕೊಂಡು ಹೋಗಲಿಲ್ಲ, ಬೈಯಲೂ ಇಲ್ಲ. ಲ್ಯಾಬಿನವರು ಮೂರು ತಿಂಗಳ ಬಿಲ್ ತಡೆಹಿಡಿದರು. ಆ ಬಿಲ್ಲಿನ ಮೊತ್ತ ನೋಡಿದೆ. ನಾನು ‘ಅಗ್ಗ’ ಎಂದು ಆರಿಸಿದ್ದ ಸರ್ವರಿನ ಹಲವು ವರ್ಷಗಳ ಬಾಡಿಗೆಗಿಂತ ಹೆಚ್ಚಿತ್ತು.

ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅವರು ರಾಯಚೂರು ಗಂಜಿನಲ್ಲಿ ಅಡತಿ ಅಂಗಡಿಯ ಗುಮಾಸ್ತರಾಗಿ ಮೂವತ್ತು ವರ್ಷ ದುಡಿದವರು, ಡೇಟಾಬೇಸ್ ಅಂದರೆ ಏನೆಂದು ಕೇಳಲಿಲ್ಲ. ‘ಗೋದಾಮು ಸೋವಿ ಸಿಕ್ತಂತ ಹಿಡದೀ. ವಾಚ್‌ಮನ್ ಪಗಾರ ಅದರಾಗ ಕೂಡೇತೋ ಇಲ್ಲೋ ಮೊದ್ಲ ಕೇಳಬೇಕಿತ್ತಪಾ’ ಅಂದರು.

ಕೇಳಬೇಕಿತ್ತು. ಪಟ್ಟಿಯನ್ನು ಮತ್ತೆ ಮೊದಲಿನಿಂದ ಮಾಡಲು ಕೂತೆ. ಈ ಸಲ ಭದ್ರತೆಗೆ ಸರಿ ಗುರುತಿನ ಕಾಲಮ್ ಇಡಲಿಲ್ಲ. ಅದರಲ್ಲಿದ್ದ ಒಂದೊಂದನ್ನೂ ರೂಪಾಯಿಗೆ ಇಲ್ಲವೇ ಗಂಟೆಗೆ ತಿರುಗಿಸಿ ಖರ್ಚಿನ ಕಾಲಮ್ಮಿಗೆ ಸೇರಿಸಿದೆ. ಆಗ ಪಟ್ಟಿಯ ಮುಖವೇ ಬೇರೆಯಾಯಿತು.

ಸ್ನೋಫ್ಲೇಕನ್ನೇ ನೋಡಿ. ಜಾಹೀರಾತಿನ ಲೆಕ್ಕದಲ್ಲಿ ಅಮೆರಿಕ ಪ್ರದೇಶದ ಪಟ್ಟಿ ಬೆಲೆ ಕೆಳಗಿನ ದರ್ಜೆಗೆ ಕ್ರೆಡಿಟ್ಟಿಗೆ 2 ಡಾಲರ್, ಎಂಟರ್‌ಪ್ರೈಸಿಗೆ 3, ಬಿಸಿನೆಸ್ ಕ್ರಿಟಿಕಲ್‌ಗೆ 4. ಮುಂಬೈ ದರ ಬೇರೆ, ಆದರೆ ಅನುಪಾತ ನೋಡಿ. ರೋಗಿಯ ಫೋನ್ ನಂಬರನ್ನು ಕೆಲವರಿಗೆ ಮರೆಮಾಡಿ ತೋರಿಸಬೇಕೆಂದರೆ, ಒಂದು ಲ್ಯಾಬಿನವರು ಇನ್ನೊಂದು ಲ್ಯಾಬಿನ ಸಾಲು ನೋಡದಂತೆ ಕಟ್ಟಬೇಕೆಂದರೆ ಎಂಟರ್‌ಪ್ರೈಸ್ ಬೇಕು. ಸಾರ್ವಜನಿಕ ಇಂಟರ್ನೆಟ್ಟಿಗೆ ಬಾರದ ಖಾಸಗಿ ಸಂಪರ್ಕ, ಗೂಢಲಿಪಿಯ ಕೀಲಿಕೈ ನಮ್ಮ ಕೈಯಲ್ಲೇ ಇರಬೇಕು ಎಂದರೆ ಬಿಸಿನೆಸ್ ಕ್ರಿಟಿಕಲ್. ಕಂಪ್ಯೂಟರ್ ಅದೇ, ವೇಗ ಅದೇ, ಬೆಲೆ ದುಪ್ಪಟ್ಟು. ಆ ಹೆಚ್ಚುವರಿ 2 ಡಾಲರ್ ಬಹುಪಾಲು ಕೀಲಿಯ ಬೆಲೆ. ಇದು ಒಬ್ಬರ ಚಾಳಿಯಲ್ಲ. ನೌಕರ ಕಂಪನಿ ಬಿಟ್ಟ ದಿನವೇ ಅವನ ಎಲ್ಲ ಪ್ರವೇಶವೂ ಒಂದೇ ಕಡೆ ಮುಚ್ಚುವಂತೆ ಮಾಡುವ ಒಂದೇ ಲಾಗಿನ್ ವ್ಯವಸ್ಥೆಯನ್ನು ಹಲವು ಸೇವೆಗಳು ಮೇಲಿನ ದರ್ಜೆಯಲ್ಲಷ್ಟೇ ಮಾರುತ್ತವೆ. ನಮ್ಮಂಥ ವಲಸಿಗರು ಎರಡು ಮೂರು ವರ್ಷಕ್ಕೊಮ್ಮೆ ಕಂಪನಿ ಬದಲಿಸುವವರು. ಹಿಂದಿನ ಕಂಪನಿಯ ನಿಮ್ಮ ಪಾಸ್‌ವರ್ಡ್ ಇವತ್ತಿಗೂ ನಡೆಯುತ್ತದೆಯೇ ಎಂದು ಯೋಚಿಸಿದ್ದೀರಾ? ಪರೀಕ್ಷಿಸಿ ನೋಡಬೇಡಿ, ಅದೂ ಅಪರಾಧವೇ.

ಇನ್ನೊಂದು ಕಡೆ, ದುಬಾರಿ ಎನ್ನುವುದೂ ಎಷ್ಟೋ ಸಲ ನಮ್ಮ ಅಜ್ಞಾನದ ಬೆಲೆ. ನಮ್ಮ ಡ್ಯಾಶ್‌ಬೋರ್ಡ್ ದಿನಕ್ಕೆ ಹನ್ನೆರಡು ಗಂಟೆ, ಹದಿನೈದು ನಿಮಿಷಕ್ಕೊಮ್ಮೆ ಹೊಸದಾಗುತ್ತದೆ ಎನ್ನಿ. ಅಂದರೆ 48 ಸಲ, ಪ್ರತಿ ಸಲ ಅರ್ಧ ನಿಮಿಷದ ಕೆಲಸ. ಸ್ನೋಫ್ಲೇಕಿನ ಯಂತ್ರ ಕೆಲಸ ಮುಗಿದ ಮೇಲೆ ಎಷ್ಟು ಹೊತ್ತು ಕಾದು ಮಲಗಬೇಕು ಎಂಬುದಕ್ಕೆ ಒಂದು ಸೆಟ್ಟಿಂಗ್ ಇದೆ. ಅದನ್ನು 10 ನಿಮಿಷಕ್ಕೆ ಬಿಟ್ಟರೆ ದಿನಕ್ಕೆ 8 ಗಂಟೆಗೂ ಮೇಲೆ ಮೀಟರ್ ಓಡುತ್ತದೆ. 1 ನಿಮಿಷಕ್ಕೆ ಇಳಿಸಿದರೆ ಸುಮಾರು 72 ನಿಮಿಷ. ಬಿಗ್‌ಕ್ವೆರಿಯ ಮೀಟರ್ ಬೇರೆ ಥರದ್ದು, ಓದಿದ ಡೇಟಾದ ತೂಕಕ್ಕೆ ದುಡ್ಡು. ಅಮೆರಿಕದ ದರದಲ್ಲಿ ಒಂದು ಟೆಬಿಬೈಟ್ ಓದಿದರೆ 6.25 ಡಾಲರ್, ತಿಂಗಳ ಮೊದಲ ಟೆಬಿಬೈಟ್ ಉಚಿತ. ಅದೇ ಡ್ಯಾಶ್‌ಬೋರ್ಡ್ ಪ್ರತಿ ಸಲ 50 ಜಿಬಿ ಓದಿದರೆ ತಿಂಗಳಿಗೆ 430 ಡಾಲರ್ ಚಿಲ್ಲರೆ. ‘ಹತ್ತೇ ಸಾಲು ಕೊಡು’ ಎಂದು ಕೇಳಿದರೂ ಸಾಮಾನ್ಯ ಕೋಷ್ಟಕದಲ್ಲಿ ಬಿಲ್ ಇಳಿಯುವುದಿಲ್ಲ, ಕಾಲಮ್ ಪೂರ್ತಿ ಓದಿದ ಲೆಕ್ಕವೇ. ಕೋಷ್ಟಕವನ್ನು ದಿನಾಂಕದ ಪ್ರಕಾರ ಪಾಲು ಮಾಡಿಟ್ಟು ಇವತ್ತಿನ ಪಾಲನ್ನಷ್ಟೇ ಕೇಳಿದರೆ ಅದೇ ಬಿಲ್ ಕೆಲವೇ ಡಾಲರಿಗೆ ಇಳಿದುಬಿಡುತ್ತದೆ. ಹೋಟೆಲಿನಲ್ಲಿ ಊಟ ದುಬಾರಿ ಎಂದು ದೂರುವ ಮೊದಲು ಎಷ್ಟು ತಟ್ಟೆ ತರಿಸಿದೆವು ಎಂದು ನೋಡಿಕೊಳ್ಳಬೇಕು.

ಹಾಗಾದರೆ ದುಡ್ಡು ಕೊಟ್ಟು ದೊಡ್ಡವರ ಸೇವೆ ಹಿಡಿದರೆ ಭದ್ರತೆ ಸಿಕ್ಕಿತೇ? ಬೆಂಗಳೂರಿನ ನನ್ನ ಗೆಳೆಯನ ವಾದ ಇದೇ, ‘ನಿನ್ನಂಥ ಹದಿನಾಲ್ಕು ಜನರ ಕಂಪನಿಗೆ ಕಾವಲು ಕಾಯುವ ಕೆಲಸ ಯಾಕೆ, ಅವರಿಗೆ ಬಿಟ್ಟುಬಿಡು.’ ಅರ್ಧ ನಿಜ. 2024ರಲ್ಲಿ ಸ್ನೋಫ್ಲೇಕ್ ಬಳಸುವ ಕಂಪನಿಗಳ ಡೇಟಾ ಸಾಲುಸಾಲಾಗಿ ಕಳುವಾಯಿತು. ಟಿಕೆಟ್‌ಮಾಸ್ಟರ್, ಎಟಿ ಆ್ಯಂಡ್ ಟಿ ಅಂಥವರೂ ಅದರಲ್ಲಿದ್ದರು. ಅಪಾಯದಲ್ಲಿರಬಹುದು ಎಂದು ಎಚ್ಚರಿಸಲಾದ ಸಂಸ್ಥೆಗಳ ಸಂಖ್ಯೆ ಸುಮಾರು 165 ಎಂದು ತನಿಖೆ ನಡೆಸಿದ ಮ್ಯಾಂಡಿಯಂಟ್ ಹೇಳಿತು. ಎಂಜಿನ್ನಿಗೆ ಯಾರೂ ಕನ್ನ ಹಾಕಿರಲಿಲ್ಲ. ಗಿರಾಕಿ ಕಂಪನಿಗಳ ನೌಕರರ, ಗುತ್ತಿಗೆದಾರರ ಕಂಪ್ಯೂಟರುಗಳಿಂದ ಕದ್ದ ಪಾಸ್‌ವರ್ಡ್‌ಗಳು, ಕೆಲವಂತೂ 2020ರಿಂದ ಬದಲಾಗದೇ ಇದ್ದವು. ಆ ಖಾತೆಗಳಿಗೆ ಫೋನಿಗೆ ಬರುವ ಎರಡನೇ ದೃಢೀಕರಣ ಇರಲಿಲ್ಲ. 2025ರ ಜನವರಿಯಲ್ಲಿ ಡೀಪ್‌ಸೀಕ್‌ನ ಸರದಿ. ಜಗತ್ತೇ ಅದರ ಬಗ್ಗೆ ಮಾತಾಡುತ್ತಿದ್ದ ವಾರದಲ್ಲೇ ಅವರ ಒಂದು ಕ್ಲಿಕ್‌ಹೌಸ್ ಡೇಟಾಬೇಸ್ ಪಾಸ್‌ವರ್ಡ್ ಇಲ್ಲದೆ ಇಂಟರ್ನೆಟ್ಟಿಗೆ ತೆರೆದಿರುವುದನ್ನು ವಿಜ್ ಸಂಸ್ಥೆಯ ಸಂಶೋಧಕರು ಕಂಡರು. ಹತ್ತು ಲಕ್ಷಕ್ಕೂ ಹೆಚ್ಚು ಲಾಗ್ ಸಾಲು, ಅದರಲ್ಲಿ ಜನರ ಸಂಭಾಷಣೆ, ರಹಸ್ಯ ಕೀಲಿಗಳು. ಸುದ್ದಿಯಲ್ಲಿ ಬಂದ ಪೋರ್ಟ್ ಸಂಖ್ಯೆ 8123. ದಸರೆಯಲ್ಲಿ ನಾನು ತೆರೆದಿಟ್ಟಿದ್ದೂ ಅದೇ. ಆ ಸುದ್ದಿ ಓದಿ ‘ಎಂಥಾ ದಡ್ಡರು’ ಎಂದು ನಕ್ಕಿದ್ದವನು ನಾನೇ.

ಒಂದು ದುಬಾರಿ ಸೇವೆ, ಇನ್ನೊಂದು ಉಚಿತ ತಂತ್ರಾಂಶ, ಎರಡರಲ್ಲೂ ಸೋತದ್ದು ಕೀಲಿಕೈ ಹಿಡಿದವರು. ಬಾಡಿಗೆ ಸೇವೆಯಲ್ಲಿ ಗೋಡೆ, ಚಾವಣಿ, ಅಡಿಪಾಯ ಅವರದು. ಬಾಗಿಲು ಮಾತ್ರ ಯಾವಾಗಲೂ ನಮ್ಮದೇ. ಕಾನೂನೂ ಹಾಗೇ ಹೇಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ, ಬೇರೆಯವರಿಂದ ಸಂಸ್ಕರಣೆ ಮಾಡಿಸಿದರೂ ಹೊಣೆ ಡೇಟಾ ಸಂಗ್ರಹಿಸಿದವರದೇ. ಸೂಕ್ತ ಭದ್ರತಾ ಕ್ರಮ ಇಲ್ಲದೆ ಸೋರಿಕೆಯಾದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಭದ್ರತೆಯ ಕಟ್ಟಲೆಗಳಿಗೆ 18 ತಿಂಗಳ ಗಡುವು. ಲಾಗ್‌ಗಳನ್ನು ಒಂದು ವರ್ಷ ಇಟ್ಟುಕೊಳ್ಳಬೇಕು ಎಂಬುದೂ ಅದರಲ್ಲಿದೆ. ಅದಕ್ಕೂ ಜಾಗ ಬೇಕು, ಜಾಗಕ್ಕೆ ಬಾಡಿಗೆ ಬೇಕು. ನಿಮ್ಮ ಪಟ್ಟಿಯಲ್ಲಿ ಅದಕ್ಕೊಂದು ಸಾಲು ಇದೆಯೇ?

ಹತ್ತು ಸಾಲನ್ನು ಯಾರು ಕೊಳ್ಳುತ್ತಾರೆ ಎನ್ನುವವರಿಗೆ ಇದೇ ಊರಿನ ಉದಾಹರಣೆ ಇದೆ. 2023ರ ಮಾರ್ಚ್‌ನಲ್ಲಿ ಸೈಬರಾಬಾದ್ ಪೊಲೀಸರು ಹಿಡಿದ ಒಂದು ಗುಂಪಿನ ಬಳಿ 16.8 ಕೋಟಿ ಜನರ ಮಾಹಿತಿ ಮಾರಾಟಕ್ಕಿತ್ತು. ಏಪ್ರಿಲ್ ಮೊದಲ ದಿನಗಳಲ್ಲಿ ಇನ್ನೊಂದು ಪ್ರಕರಣ, 66.9 ಕೋಟಿ ಜನ ಮತ್ತು ಸಂಸ್ಥೆಗಳದ್ದು. ಇಂಥ ರಾಶಿ ಒಂದೇ ಕಡೆಯಿಂದ ಬರುವುದಿಲ್ಲ, ನನ್ನ ಸರ್ವರಿನಂಥ ಹಿತ್ತಿಲ ಬಾಗಿಲುಗಳಿಂದಲೂ ಬರುತ್ತದೆ.

ಪಟ್ಟಿಗೆ ಮರಳುತ್ತೇನೆ. ಕ್ಲಿಕ್‌ಹೌಸನ್ನು ಸ್ವಂತ ಸರ್ವರಿನಲ್ಲಿ ಇಡುವುದಕ್ಕೆ ವಾರಕ್ಕೆ ಐದಾರು ಗಂಟೆ ಒಬ್ಬ ಅನುಭವಿಯ ಸಮಯ ಬೇಕು ಎಂದು ಬರೆದೆ. ಹೊಸ ಆವೃತ್ತಿಗೆ ಏರಿಸುವುದು, ಬ್ಯಾಕಪ್ ತೆಗೆದು ಅದು ನಿಜವಾಗಿ ಮರಳಿ ಬರುತ್ತದೆಯೇ ಎಂದು ನೋಡುವುದು, ಲಾಗ್ ಓದುವುದು, ಬಿಟ್ಟುಹೋದವರ ಹೆಸರು ತೆಗೆಯುವುದು. ಆ ಗಂಟೆಗಳಿಗೆ ಸಂಬಳದ ಲೆಕ್ಕ ಹಾಕಿದ ಕೂಡಲೇ ‘ಉಚಿತ’ ತಂತ್ರಾಂಶ ನಮ್ಮ ಗಾತ್ರಕ್ಕೆ ಮೂರನೇ ಸ್ಥಾನಕ್ಕೆ ಇಳಿಯಿತು. ಗಚ್ಚಿಬೌಲಿಯ ದೊಡ್ಡ ಕಂಪನಿಯಲ್ಲಿರುವ ಧಾರವಾಡದ ಗೆಳತಿ ಇದನ್ನು ಒಪ್ಪುವುದಿಲ್ಲ. ಅವರಲ್ಲಿ ಕಾವಲಿಗೆಂದೇ ತಂಡ ಇದೆ, ಇನ್ನೊಂದು ಎಂಜಿನ್ ಸೇರಿದರೆ ಅವರಿಗೆ ಹೊಸ ಖರ್ಚಿಲ್ಲ. ಅವಳ ಲೆಕ್ಕವೂ ಸರಿ. ಹಾಗಾಗಿ ಇಂಟರ್ನೆಟ್ಟಿನಲ್ಲಿ ಸಿಗುವ ‘ಯಾವುದು ಅಗ್ಗ’ ಎಂಬ ಪಟ್ಟಿಗಳ ಮೇಲೆ ನನಗೆ ನಂಬಿಕೆ ಹೋಗಿದೆ. ಅವರ ಕಾವಲುಗಾರ ಯಾರೆಂದು ಆ ಪಟ್ಟಿಯಲ್ಲಿ ಇರುವುದಿಲ್ಲ.

ಪಟ್ಟಿಯನ್ನು ಹೀಗೆ ಕೆದಕುವಾಗ ಬೇರೊಂದು ಪ್ರಶ್ನೆ ಎದುರಾಯಿತು. ಇಷ್ಟೆಲ್ಲ ಕೀಲಿ ಯಾವುದನ್ನು ಕಾಯಲು? ಡೆಂಗಿ ಎಲ್ಲಿ ಏರುತ್ತಿದೆ ಎಂದು ತಿಳಿಯಲು ರೋಗಿಯ ಹೆಸರು ಯಾಕೆ? ಫೋನ್ ನಂಬರ್ ಯಾಕೆ? ಅದೇ ಮನುಷ್ಯ ಮತ್ತೆ ಬಂದನೇ ಎಂದು ಗುರುತಿಸಲು ಒಂದು ಗುರುತು ಸಾಕು. ಹೆಸರು ತೆಗೆದೆವು, ನಂಬರನ್ನು ಹ್ಯಾಶ್ ಮಾಡಿದೆವು. ಇಲ್ಲೂ ಒಂದು ಹಳ್ಳ ಇದೆ, ಬೀಳಬೇಡಿ. ನಮ್ಮ ಮೊಬೈಲ್ ನಂಬರುಗಳು 6, 7, 8, 9ರಿಂದ ಆರಂಭವಾಗುವ ಹತ್ತು ಅಂಕಿಗಳು, ಒಟ್ಟು 400 ಕೋಟಿ ಸಾಧ್ಯತೆ ಮಾತ್ರ. ಬರೀ ಹ್ಯಾಶ್ ಮಾಡಿಟ್ಟರೆ ಅಷ್ಟನ್ನೂ ಲೆಕ್ಕ ಹಾಕಿ ಹೊಂದಿಸಿ ನೋಡುವುದು ಈಗಿನ ಕಂಪ್ಯೂಟರಿಗೆ ಒಂದು ಮಧ್ಯಾಹ್ನದ ಕೆಲಸವೂ ಅಲ್ಲ. ರಹಸ್ಯ ಕೀಲಿ ಬೆರೆಸಿ ಹ್ಯಾಶ್ ಮಾಡಬೇಕು, ಆ ಕೀಲಿಯನ್ನು ಅನಾಲಿಟಿಕ್ಸ್ ಯಂತ್ರದ ಹತ್ತಿರವೂ ಸುಳಿಯಗೊಡಬಾರದು. ಇನ್ನೊಂದು, ಯಾರಾದರೂ ನಂಬರ್ ಹಾಕಿ ಹುಡುಕಿದರೆ ಆ ನಂಬರ್ ಕ್ವೆರಿ ಲಾಗ್‌ನಲ್ಲಿ ಹಾಗೇ ಬರೆದಿರುತ್ತದೆ. ಕಳ್ಳನಿಗೆ ಕೋಷ್ಟಕ ಸಿಗದಿದ್ದರೂ ಲಾಗ್ ಸಾಕು.

ಆಮೇಲೆ ಲ್ಯಾಬಿನವರನ್ನೇ ಕೇಳಿದೆವು, ಹದಿನೈದು ನಿಮಿಷಕ್ಕೊಮ್ಮೆ ಹೊಸ ಅಂಕಿ ನಿಮಗೆ ಬೇಕೇ? ಯಾರಿಗೂ ಬೇಕಿರಲಿಲ್ಲ. ಬೆಳಿಗ್ಗೆ ಬಾಗಿಲು ತೆರೆಯುವಾಗ ನಿನ್ನೆಯ ಲೆಕ್ಕ ಇದ್ದರೆ ಸಾಕಂತೆ. ಒಂದು ಆಸ್ಪತ್ರೆ ಮಾತ್ರ ಬೇಕೆಂದಿತು. ಸದಾ ತೆರೆದಿರುವ ಯಂತ್ರ, ಸದಾ ಓಡುವ ಮೀಟರ್, ಸದಾ ತೆರೆದಿರುವ ಪೋರ್ಟ್, ಮೂರೂ ಹುಟ್ಟಿದ್ದು ಯಾರೂ ಕೇಳದ ಆ ಹದಿನೈದು ನಿಮಿಷದಿಂದ.

ಈಗ ಲ್ಯಾಬುಗಳ ವರದಿಯನ್ನು ಡಕ್‌ಡಿಬಿ ರಾತ್ರಿ ಎರಡು ಗಂಟೆಗೆ ತಯಾರಿಸುತ್ತದೆ. ಅದು ಸರ್ವರ್ ಅಲ್ಲ, ಪ್ರೋಗ್ರಾಮಿನೊಳಗೇ ಓಡುವ ಎಂಜಿನ್, ಹೊರಗಿನವರು ಬಂದು ತಟ್ಟಲು ಪೋರ್ಟೇ ಇಲ್ಲ. ನಲವತ್ತು ನಿಮಿಷದ ವರದಿ ಒಂದು ನಿಮಿಷದೊಳಗೆ ಮುಗಿಯುತ್ತದೆ. ಅದಕ್ಕೆ ಬಳಕೆದಾರರ ಪಟ್ಟಿ, ಅಧಿಕಾರ ವಿಂಗಡಣೆ ಯಾವುದೂ ಇಲ್ಲ ಎಂಬುದು ನಿಜ. ಫೈಲ್ ಸಿಕ್ಕವನಿಗೆ ಎಲ್ಲವೂ ಸಿಕ್ಕಿತು. ಅದಕ್ಕೇ ಡಿಸ್ಕ್ ಗೂಢಲಿಪಿಯಲ್ಲಿದೆ, ಫೈಲಿನಲ್ಲಿ ಹೆಸರಿಲ್ಲ. ಮೊದಲ ಪಟ್ಟಿಯಲ್ಲಿ ಭದ್ರತೆಯ ಕಾಲಮ್ಮಿನಲ್ಲಿ ತಪ್ಪು ಗುರುತು ಬಿದ್ದಿದ್ದು ಇದೊಂದಕ್ಕೇ. ಆಸ್ಪತ್ರೆಗೆ ಮಾತ್ರ ಬಾಡಿಗೆಯ ಕ್ಲೌಡ್ ಸೇವೆ, ಖಾಸಗಿ ಸಂಪರ್ಕ ಇರುವ ಮೇಲಿನ ದರ್ಜೆ. ಬಿಲ್ಲಿನಲ್ಲಿ ಕೀಲಿಯ ಖರ್ಚು ಎಂದು ಪ್ರತ್ಯೇಕ ಸಾಲು ಬರೆದೇ ಕೊಟ್ಟೆವು. ಚೌಕಾಸಿ ಮಾಡಿದರು, ಒಪ್ಪಿದರು.

ಹಿಮಾಯತ್ ಎಂಬ ಉರ್ದು ಪದಕ್ಕೆ ಆಸರೆ, ರಕ್ಷಣೆ ಎಂಬ ಅರ್ಥವಿದೆಯೆಂದು ಕೆಳಗಿನ ಚಹಾದವರು ಹೇಳಿದಾಗ ಯಜಮಾನರು ನನ್ನ ಮುಖ ನೋಡಿ ನಕ್ಕರು. ತಡೆಹಿಡಿದಿದ್ದ ಬಿಲ್ಲಿನಲ್ಲಿ ಎರಡು ತಿಂಗಳದ್ದು ಬಂದಿದೆ, ಒಂದು ತಿಂಗಳದ್ದು ಇನ್ನೂ ಬರಬೇಕು.

ಹೊಸ ಪಟ್ಟಿಯ ಕೊನೆಯ ಕಾಲಮ್ಮಿನಲ್ಲಿ ಈಗ ಹೆಸರುಗಳಿವೆ, ಯಾವ ವಾರ ಲಾಗ್ ಯಾರು ಓದಬೇಕು, ರಜೆಯಲ್ಲಿ ಕರೆ ಬಂದರೆ ಯಾರು ಎತ್ತಬೇಕು ಎಂದು. ಸರದಿ ಹಾಕಿದವನು ನಾನೇ, ಹಬ್ಬದ ವಾರಗಳನ್ನು ಚೀಟಿ ಎತ್ತಿ ಹಂಚಿದೆವು. ದೀಪಾವಳಿ ನನ್ನ ಪಾಲಿಗೆ ಬಂದಿದೆ. ಅವ್ವನಿಗೆ ಇನ್ನೂ ಹೇಳಿಲ್ಲ.